ಮುಂಬಾಗಿಲಿಂದ ಬಂದ ಬೋನು

ಮೈಸೂರಿನ ಉದಯಗಿರಿಯ ದೊಡ್ಡಮ್ಮನಿಗೆ ಹೆತ್ತವರು ಇಟ್ಟ ಹೆಸರೇ ಅದು. ಅದರಿಂದ ಅವಳಿಗೊಂದು ಅನುಕೂಲವಿತ್ತು. ಏಕವಚನದಲ್ಲಿ ಕೂಗಲು ಬಂದವರೂ ಕೊನೆಗೆ ಬಾಯಿತುಂಬ ‘ದೊಡ್ಡಮ್ಮ’ ಎನ್ನಲೇಬೇಕಿತ್ತು. ಅವಳ ತಾಯಿ ಬೋರಮ್ಮ ನರಸೀಪುರದ ಕಡೆಯ ಹಳ್ಳಿಯಲ್ಲಿ ಕಂಡಕಂಡವರಿಗೆಲ್ಲ ‘ಬುದ್ಧಿ’ ಎಂದು ಕೈಮುಗಿದು ಬಾಳಿದವಳು. ಮಗಳು ಮದುವೆಯಾಗಿ ಮೈಸೂರಿಗೆ ಬಂದಮೇಲೆ ಆ ಮಾತನ್ನೇ ಬಿಟ್ಟುಬಿಟ್ಟಳು. ಗಂಡಸರಿಗೆ ‘ಸಾರ್’, ಹೆಂಗಸರಿಗೆ ‘ಅಕ್ಕ’. ಅದಕ್ಕಿಂತ ಹೆಚ್ಚು ಯಾರಿಗೂ ಇಲ್ಲ.

ಗಂಡ ಮಹದೇವಸ್ವಾಮಿಯದು ಸ್ಕೂಟರ್ ರಿಪೇರಿಯ ಸಣ್ಣ ಗ್ಯಾರೇಜು. ಅವನು ಬಿಚ್ಚಿಟ್ಟ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು ದೊಡ್ಡಮ್ಮನ ಕೆಲಸ. ಗ್ಯಾರೇಜಿನ ಹಿಂದೆಯೇ ಮನೆ. ಮಗಳು ನಯನಾ ಕೂಸಾಗಿದ್ದಾಗ ಮೋರಿಯಿಂದ ಬಂದ ಹೆಗ್ಗಣವೊಂದು ಅವಳ ಹಿಮ್ಮಡಿ ಕಚ್ಚಿತು. ದೊಡ್ಡಮ್ಮ ಬೋನು ತಂದು ಕೊಬ್ಬರಿ ಕಟ್ಟಿದಳು, ವಡೆ ಕಟ್ಟಿದಳು, ಒಣಮೀನೂ ಕಟ್ಟಿದಳು. ಹೆಗ್ಗಣ ಹತ್ತಿರವೂ ಸುಳಿಯಲಿಲ್ಲ. ಆದರೆ ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಗ್ರೀಸು ಮೆತ್ತಿದ ಬಟ್ಟೆಗಳು ಮಾತ್ರ ಬಿಲದ ಬಾಯಿಗೆ ಹೋಗಿ ಬಿದ್ದಿರುತ್ತಿದ್ದವು. ಅದನ್ನು ಕಂಡ ದೊಡ್ಡಮ್ಮ ಅಂಥದೇ ಒಂದು ಬಟ್ಟೆಯನ್ನು ಬೋನಿನೊಳಗೆ ಸಿಕ್ಕಿಸಿದಳು. ಬೆಳಗಾಗುವಷ್ಟರಲ್ಲಿ ಹೆಗ್ಗಣ ಒಳಗಿತ್ತು.

“ತಿನ್ನೋ ಆಸೆ ತೋರ್ಸುದ್ರೆ ಅನುಮಾನ ಪಡ್ತದೆ,” ಎಂದಳು ಗಂಡನಿಗೆ. “ಇದೇನಪ್ಪ ಅಂತ ಮೂಸಿ ನೋಡೋ ಆಸೆ ಅದೆಯಲ್ಲ, ಅದು ಯಾರ್ನೂ ಬುಡಾಕಿಲ್ಲ.”

ಅಲ್ಲಿಂದ ಅವಳಿಗೆ ಅದೇ ಗೀಳು. ಡೀಸೆಲ್‌ನಲ್ಲಿ ಅದ್ದಿದ ಹಗ್ಗ, ಗಾಡಿಯ ಕೀಲೆಣ್ಣೆ, ನಶ್ಯ, ತಲೆನೋವಿನ ಮುಲಾಮು, ಸೋಪಿನ ಚೂರು ಎಲ್ಲವನ್ನೂ ಬೋನಿಗಿಟ್ಟು ನೋಡಿದಳು. ಪೆಟ್ರೋಲು ಗಾಳಿಗೆ ಹಾರಿಹೋಗುತ್ತಿತ್ತು. ಕೀಲೆಣ್ಣೆಯ ವಾಸನೆ ನಿಲ್ಲುತ್ತಿತ್ತು. ಕೆಲವು ಸಲ ಏನಿಟ್ಟರೂ ಬೋನು ಖಾಲಿ. ಆದರೂ ಹೆಗ್ಗಣದ ಕಾಟವಿದ್ದವರು ಅವಳನ್ನು ಹುಡುಕಿಕೊಂಡು ಬರತೊಡಗಿದರು.

೧೯೯೭ರ ಬೇಸಿಗೆಯಲ್ಲಿ ಲಕ್ಷ್ಮೀಪುರಂನಿಂದ ಕರೆ ಬಂತು. ಬಟ್ಟೆ ವ್ಯಾಪಾರಿ ಷಡಕ್ಷರಿಯವರ ಹಳೇ ಹೆಂಚಿನ ಮನೆ. ಅಟ್ಟದಲ್ಲಿ ಪುನುಗಿನ ಬೆಕ್ಕು ಸೇರಿಕೊಂಡು, ಅದರ ಉಚ್ಚೆ ಸೂರಿನ ಹಲಗೆಯಿಂದ ಪೂಜೆಯ ಕೋಣೆಗೇ ತೊಟ್ಟಿಕ್ಕುತ್ತಿತ್ತು. ದೊಡ್ಡಮ್ಮ ಬೋನು ಹೊತ್ತು ಗೇಟಿನ ಮುಂದೆ ನಿಂತಳು.

“ಹಿಂದ್ಗಡೆ ಗಲ್ಲಿಯಿಂದ ಬಾಮ್ಮ,” ಎಂದರು ಷಡಕ್ಷರಿ.

“ಅಟ್ಟದ ಏಣಿ ಎಲ್ಲದೆ ಸಾರ್?”

“ನಡುಮನೇಲಿ.”

“ನಡುಮನೆಗೆ ನೀವು ಎಲ್ಲಿಂದ ಓಯ್ತೀರಿ?”

ಷಡಕ್ಷರಿಯವರ ಮುಖ ಬಿಗಿಯಿತು. “ಬೆಕ್ಕು ಹಿಡಿಯೋಕೆ ಬಂದಿದೀಯೋ, ನ್ಯಾಯ ಹೇಳೋಕೋ?”

“ಬೆಕ್ಕು ಇಡಿಯಾಕೆ. ಆದ್ರೆ ಗಲ್ಲೀಲಿ ಬರಾಕಿಲ್ಲ,” ಎಂದು ದೊಡ್ಡಮ್ಮ ಬೋನು ಎತ್ತಿಕೊಂಡು ಹೊರಟೇಬಿಟ್ಟಳು.

ವಾರ ಕಳೆಯುವುದರೊಳಗೆ ಷಡಕ್ಷರಿಯವರೇ ಕಾರಿನಲ್ಲಿ ಗ್ಯಾರೇಜಿಗೆ ಬಂದರು. ಪೂಜೆಗೆ ಕೂರಲು ಆಗದಷ್ಟು ನಾತವಂತೆ. “ಮುಂದ್ಗಡೆಯಿಂದ್ಲೇ ಬನ್ನಿ,” ಎಂದರು, ರಸ್ತೆಯ ಕಡೆ ನೋಡುತ್ತ. ದೊಡ್ಡಮ್ಮ ಹೋದಳು.

ಅಷ್ಟಾದರೂ ಬೆಕ್ಕು ಸಿಗಲಿಲ್ಲ. ಕೀಲೆಣ್ಣೆಗೂ ಬರಲಿಲ್ಲ. ಡೀಸೆಲ್ ಹಗ್ಗ ಇಟ್ಟ ಮೇಲಂತೂ ಅಟ್ಟದ ಇನ್ನೊಂದು ತುದಿಗೆ ಓಡಿತು. ಷಡಕ್ಷರಿಯವರು ಗೊಣಗಿದರು. ಅವರ ಹೆಂಡತಿ ಸರೋಜಮ್ಮ ಮಾತ್ರ ಏಣಿಯ ಬುಡದಲ್ಲಿ ನಿಂತು ಹೇಳಿದರು: “ನಾನು ಕಸ್ಟರ್ಡಿಗೆ ಎಸೆನ್ಸ್ ಹಾಕ್ದಾಗೆಲ್ಲ ಮೇಲೆ ಓಡಾಡೋ ಸದ್ದು ಜಾಸ್ತಿ ಆಗುತ್ತೆ ಕಣಮ್ಮ. ಬಾಳೆಹಣ್ಣಿನ ಎಸೆನ್ಸ್.”

“ಆ ಸೀಸೆ ಇತ್ತ ಕೊಡಿ ಅಕ್ಕ,” ಎಂದಳು ದೊಡ್ಡಮ್ಮ.

ಬರೀ ಎಸೆನ್ಸ್ ಬೇಗ ಆರಿಹೋಗುತ್ತದೆಂದು ಅದನ್ನು ವ್ಯಾಸಲೀನಿನಲ್ಲಿ ಕಲಸಿ ಬೋನಿನ ಒಳಗೋಡೆಗೆ ಬಳಿದಳು. ಹೆಂಗಸರಿಬ್ಬರೂ ಅಡುಗೆಮನೆಯಲ್ಲಿ ಕೂತು ಕಾಯುತ್ತಿದ್ದಾಗ ಸಂಜೆಗೆ ಬೋನಿನ ಬಾಗಿಲು ಬಿದ್ದ ಸದ್ದು ಕೇಳಿತು. ಸರೋಜಮ್ಮ ಚಪ್ಪಾಳೆ ತಟ್ಟಿದರು.

ದೊಡ್ಡಮ್ಮ ಬೋನನ್ನು ಕೆಳಗಿಳಿಸಿದಾಗ ಅಪರಿಚಿತರೊಬ್ಬರು ನಡುಮನೆಯಲ್ಲಿ ಕೂತಿದ್ದರು. ಲಕ್ಷ್ಮೀನರಸಿಂಹ ಎಂಬ ಅವರು ಸುಗಂಧ ದ್ರವ್ಯದ ದಲ್ಲಾಳಿ. ಷಡಕ್ಷರಿಯವರೇ ಹೇಳಿ ಕರೆಸಿದ್ದರು.

“ಒಳ್ಳೇ ಮಾಲು,” ಎಂದು ಅವರು ಬಗ್ಗಿ ನೋಡಿದರು. “ಪುನುಗಿಗೆ ಈಗ ಭಾರಿ ಬೇಡಿಕೆ. ಇಲ್ಲೇ ಇಟ್ಟು ಹೋಗಮ್ಮ.”

“ಏನ್ ಮಾಡ್ತೀರಿ ಇದ್ನ?”

“ಗೂಡಲ್ಲಿಟ್ಟು ಸಾಕೋದು. ಆಗಾಗ ಬಾಲದ ಅಡಿಯಿಂದ ಪುನುಗು ತೆಗೆಯೋದು.”

“ಸಾಯೋಗಂಟ ಇಂಡ್ತೀರಿ ಅನ್ನಿ. ನಾನು ಕೊಡಾಕಿಲ್ಲ.”

ಷಡಕ್ಷರಿ ಎದ್ದುನಿಂತರು. “ನನ್ನ ಮನೇಲಿ ಸಿಕ್ಕಿದ್ದು ನಂದು!”

“ನಿಮ್ದೇ ಆಗಿದ್ರೆ ಇಷ್ಟ್ ದಿನ ಯಾಕ್ ಸಾರ್ ಓಡುಸ್ಬೇಕು ಅಂತಿದ್ರಿ? ಬೋನು ನಂದು. ಬುಡಿ ದಾರಿ.”

ಲಕ್ಷ್ಮೀನರಸಿಂಹ ಮುಂಬಾಗಿಲಿಗೆ ಅಡ್ಡ ನಿಂತು ಅಗುಳಿ ಹಾಕಿಬಿಟ್ಟರು. ಇವರು ಕಳ್ಳತನ ಅಂತ ಕೂಗಿದರೆ ತನ್ನ ಮಾತು ಯಾರು ನಂಬುತ್ತಾರೆ ಎಂದುಕೊಂಡಳು ದೊಡ್ಡಮ್ಮ. ಆದರೂ ಬೋನು ಕೆಳಗಿಡಲಿಲ್ಲ.

ಆಗ ಸರೋಜಮ್ಮ ಅಡುಗೆಮನೆಯಿಂದ ಬಂದರು. ಗಂಡನ ಕಡೆ ನೋಡಲೇ ಇಲ್ಲ. “ಸ್ವಲ್ಪ ಪಕ್ಕಕ್ಕೆ ಸರೀರಿ,” ಎಂದು ದಲ್ಲಾಳಿಗೆ ಹೇಳಿ, ತಾವೇ ಅಗುಳಿ ತೆಗೆದು ಬಾಗಿಲನ್ನು ಹಾರುಹೊಡೆದರು.

ಬೆಕ್ಕಿನ ನಾತಕ್ಕೆ ಯಾವ ಆಟೋದವನೂ ಹತ್ತಿಸಿಕೊಳ್ಳಲಿಲ್ಲ. ದೊಡ್ಡಮ್ಮ ಬೋನನ್ನು ತಲೆಯ ಮೇಲೆ ಹೊತ್ತು, ಅಕ್ಕಪಕ್ಕದ ಮನೆಯವರು ಕಾಂಪೌಂಡಿನಿಂದ ಬಗ್ಗಿ ನೋಡುತ್ತಿರುವಂತೆಯೇ, ಬೀದಿಯ ನಡುವೆ ನಡೆದು ಅರಣ್ಯ ಕಚೇರಿಗೆ ಹೋದಳು. ಅಲ್ಲಿದ್ದ ಗುಮಾಸ್ತ ಹುಬ್ಬೇರಿಸಿದ. “ಇದನ್ನ ಹಿಡಿಯೋದೇ ಅಪರಾಧ, ಗೊತ್ತಾ? ನಿನ್ನ ಮೇಲೆ ಕೇಸು ಹಾಕ್ಬಹುದು.”

“ಗೊತ್ತಿರ್ನಿಲ್ಲ. ಆಕಿ ಕೇಸು. ಆದ್ರೆ ಮೊದ್ಲು ಇದ್ನ ಕಾಡಿಗ್ ಬುಡಿ.”

ಸಿದ್ದಮಲ್ಲಪ್ಪ ಎಂಬ ವಯಸ್ಸಾದ ಗಾರ್ಡು ನಗುತ್ತ ಎದ್ದ. ಕೇಸು ಆಗಲಿಲ್ಲ. ಕಚೇರಿಯವರು, ಇನ್ನು ಮುಂದೆ ಕಾಡುಪ್ರಾಣಿ ಕಂಡರೆ ತಮಗೆ ತಿಳಿಸಬೇಕೆಂದು ಗದರಿಸಿ, ಬೆಕ್ಕನ್ನು ಬೆಟ್ಟದ ತಪ್ಪಲಿಗೆ ಒಯ್ದರು. ದೊಡ್ಡಮ್ಮನೂ ಜೀಪು ಹತ್ತಿ ಹೋದಳು. ಬೋನಿನ ಬಾಗಿಲು ಎತ್ತಿದರೂ ಬೆಕ್ಕು ಒಂದು ಗಳಿಗೆ ಅಲ್ಲೇ ಕೂತು ವ್ಯಾಸಲೀನು ನೆಕ್ಕಿತು. ಆಮೇಲೆ ಪೊದೆಯೊಳಗೆ ಮಾಯವಾಯಿತು.

ಲಕ್ಷ್ಮೀಪುರಂನಲ್ಲಿ ಅವಳು ಕಳ್ಳಿ ಎಂಬ ಸುದ್ದಿ ಹಬ್ಬಿತು. ಆ ಕಡೆಯಿಂದ ಕೆಲಸ ನಿಂತಿತು. ‘ಹೋಗಿ ಒಂದು ಮಾತು ತಪ್ಪಾಯ್ತು ಅನ್ನು’ ಎಂದು ನೆಂಟರು ಹೇಳಿದರು. ಅವಳು ಹೋಗಲಿಲ್ಲ. ಕೆಲವು ವರ್ಷಗಳಾದ ಮೇಲೆ ಕಡಕೊಳದ ಗೋದಾಮೊಂದರಲ್ಲಿ ಹೆಗ್ಗಣ ಹಿಡಿಯುವ ಕೆಲಸ ಸಿಕ್ಕಿತು.

ಒಂದೇ ಒಂದು ಸಲ ಅವಳು ಸೋಲೊಪ್ಪಲು ಹೊರಟದ್ದುಂಟು. ೨೦೦೬ರಲ್ಲಿ ನಯನಾಳನ್ನು ನೋಡಲು ಬಂದ ಗಂಡಿನವರು, ಅವಳ ತಾಯಿಯ ಮೈಯ ಗ್ರೀಸು ವಾಸನೆಗೆ ಮೂಗು ಮುಚ್ಚಿಕೊಂಡು, “ಈ ಹೆಗ್ಗಣದ ಕೆಲಸ ಬಿಡೋದಾದ್ರೆ ಮಾತು ಮುಂದುವರಿಸೋಣ,” ಎಂದರು. ದೊಡ್ಡಮ್ಮ ತಲೆತಗ್ಗಿಸಿ, “ಬುಡ್ತೀನಿ,” ಎಂದುಬಿಟ್ಟಳು.

ನಯನಾ ಕಾಫಿಯ ತಟ್ಟೆಯನ್ನು ಹಿಂದಕ್ಕೆ ಎತ್ತಿಕೊಂಡಳು. “ನಮ್ಮವ್ವ ಬಿಡಲ್ಲ. ನೀವು ಹೊರಡಿ.”

ಮಾರನೆಯ ಬೆಳಿಗ್ಗೆ ಕಡಕೊಳದ ಬಸ್ಸಿನಲ್ಲಿ ಪಕ್ಕ ಕೂತಿದ್ದವನೊಬ್ಬ ಮೂಗಿಗೆ ಕರ್ಚೀಫು ಹಿಡಿದ. ದೊಡ್ಡಮ್ಮ ಮಡಿಲಿನ ಬೋನನ್ನು ಸರಿಯಾಗಿ ಇಟ್ಟುಕೊಂಡು ಅವನ ಕಡೆ ತಿರುಗಿದಳು.

“ಕಿಟಕಿ ನಿಮ್ ಪಕ್ಕದಲ್ಲೇ ಅದೆ ಕಣ್ರೀ, ತಗೀರಿ.”