ಅಕ್ಕ ಬರುವ ತನಕದ ತ್ಯಾಪೆ

ನಮ್ಮ ಗುಂಡ್ಲುಪೇಟೆ ಕಡೆ ರಿಪೇರಿ ಬೇರೆ, ತ್ಯಾಪೆ ಬೇರೆ. ಪುಸ್ತಕದಲ್ಲಿ ತೇಪೆ ಅಂತ ಬರೆಯುತ್ತಾರೆ, ಹರಿದ ಬಟ್ಟೆಗೆ ಹಾಕುವ ತುಂಡು ಅಂತ ಅರ್ಥ ಕೊಡುತ್ತಾರೆ. ನಮ್ಮಲ್ಲಿ ಅದು ಬಟ್ಟೆ ಬಿಟ್ಟು ಎಂದೋ ಆಚೆ ಬಂದಿದೆ. ಒಡೆದ ಪ್ಲಾಸ್ಟಿಕ್ ಬಿಂದಿಗೆಗೆ ಕಾದ ಚಾಕು ಸವರಿ ಮೆತ್ತಿದರೂ ತ್ಯಾಪೆ, ಚಾರ್ಜರ್ ವೈರಿಗೆ ಟೇಪು ಸುತ್ತಿದರೂ ತ್ಯಾಪೆ. ಕೆಲಸ ಕಲಿತವನು ಮಾಡಿದರೆ ರಿಪೇರಿ. ಮೊಬೈಲಿನಲ್ಲಿ ವಿಡಿಯೋ ನೋಡಿ ಬಿಚ್ಚಿ, ಕೊನೆಗೆ ಎರಡು ಸ್ಕ್ರೂ ಮಿಗಿಸಿಕೊಂಡು ಮುಚ್ಚುವ ನನ್ನಂಥವನು ಮಾಡಿದರೆ ತ್ಯಾಪೆ. ರಿಪೇರಿಯವನನ್ನು ಯಾರೂ ಕೇಳದ ಪ್ರಶ್ನೆಯೊಂದನ್ನು ತ್ಯಾಪೆಯವನನ್ನು ಎಲ್ಲರೂ ಕೇಳುತ್ತಾರೆ: "ಎಲ್ಲೀಗಂಟ ತಡೀತದ್ಲಾ?"

ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ, ಅದನ್ನೂ ಕೇಳುತ್ತಿರಲಿಲ್ಲ. ಕೆಟ್ಟ ಮಿಕ್ಸಿಯನ್ನು ನನ್ನ ಮುಂದಿಟ್ಟು, "ಸುಟ್ರೂ ನೀನೇ ಸುಡು ಕಣ, ಅಂಗ್ಡಿಯವ್ನು ಯಾಕ್ ಸುಡ್ಬೇಕು" ಅಂತ ನಗುತ್ತಿದ್ದಳು.

ಹೋದ ವರ್ಷ ಒಂದು ಸಂಜೆ ಅವಳು ತೀರಿಕೊಂಡಳು. ಅವಳ ಒಬ್ಬಳೇ ಮಗಳು, ನನಗೆ ಅಕ್ಕ, ಕಾಡಿನಾಚೆ ಕೇರಳದ ಸುಲ್ತಾನ್ ಬತ್ತೇರಿಯಲ್ಲಿ ಕೆಲಸಕ್ಕಿದ್ದಳು. ಸುದ್ದಿ ಮುಟ್ಟಿ ಗಾಡಿ ಹಿಡಿಯುವಷ್ಟರಲ್ಲಿ ರಾತ್ರಿಯಿಡೀ ಗಾಡಿ ಬಿಡದ ಕಾಡಿನ ಗೇಟು ಮುಚ್ಚುವ ಹೊತ್ತಾಗಿತ್ತು. "ಬೆಳಿಗ್ಗೆ ಗೇಟ್ ತಗ್ದೇಟ್ಗೆ ಬತ್ತೀನಿ. ನಾ ಅವ್ವನ್ ಮೊಕ ನೋಡಗಂಟ ಮಣ್ ಮಾಡ್ಬ್ಯಾಡ್ರಿ" ಅಂತ ಫೋನಿನಲ್ಲಿ ಅತ್ತಳು. ಚಾಮರಾಜನಗರದಿಂದ ಫ್ರೀಜರ್ ಪೆಟ್ಟಿಗೆಯೊಂದನ್ನು ಬಾಡಿಗೆಗೆ ತರಿಸಿ ದೊಡ್ಡವ್ವನನ್ನು ಅದರೊಳಗೆ ಮಲಗಿಸಿದೆವು.

ಬೆಳಗಾಗುವಾಗ ಗಾಜಿನ ಒಳಗಿನ ಮಂಜು ಕರಗಿ ಹನಿಹನಿಯಾಗಿ ಇಳಿಯತೊಡಗಿತು. ಪೆಟ್ಟಿಗೆಯ ಸದ್ದು ನಿಂತಿತ್ತು. ಬಾಡಿಗೆಯವನಿಗೆ ಫೋನ್ ಮಾಡಿದರೆ, ಹರದನಹಳ್ಳಿಯಲ್ಲಿ ಇನ್ನೊಂದು ಪೆಟ್ಟಿಗೆ ಇಳಿಸುತ್ತಿದ್ದೇನೆ, ಬರುವುದು ಮಧ್ಯಾಹ್ನ ಅಂದ. ಹಿರಿಯರ ಗುಸುಗುಸು ಶುರುವಾಯಿತು.

"ಎತ್ಬುಡನ ಕಣ್ಲಾ, ಇನ್ ಕಾಯದ್ ಬ್ಯಾಡ. ಮಗ್ಳು ನೇರ ಗುಂಡಿತಾವ್ಕೇ ಬರ್ಲಿ."

ನಾನು ಪೆಟ್ಟಿಗೆಯ ಕಾಲಿನ ಕಡೆಗೆ ಹೋಗಿ ಬಗ್ಗಿ ನೋಡಿದೆ. ಯಂತ್ರ ಗಾಳಿಯಾಡುವ ಜಾಲರಿ ಇರುವುದು ಅಲ್ಲೇ. ನಮ್ಮ ಜನ ಹೂವಿಡುವುದೂ ಕಾಲಿಗೇ. ಹೊಲದ ತುಂಬಾ ಚೆಂಡುಹೂ ಬೆಳೆಯುವ ಸೀಮೆ ನಮ್ಮದು. ಬಂದವರೆಲ್ಲ ತಂದ ಹಾರಗಳು ಜಾಲರಿ ಮುಚ್ಚಿ ರಾಶಿಯಾಗಿದ್ದವು. ಒಂದು ಹಾರದ ದಾರ ಒಳಗಿನ ಪುಟ್ಟ ಫ್ಯಾನಿಗೆ ಸುತ್ತಿಕೊಂಡು ರೆಕ್ಕೆಯನ್ನೇ ಮುರಿದಿತ್ತು. ಗಾಳಿಯಿಲ್ಲದೆ ಯಂತ್ರ ಬಿಸಿಯೇರಿ ನಿಂತಿತ್ತು. ನೀವು ಅಳುತ್ತಾ ಇಟ್ಟ ಹೂವೇ ಹೀಗೆ ಮಾಡಿತು ಅಂತ ಯಾರಿಗೆ ಹೇಳುವುದು?

ಪ್ಲಗ್ ಕಿತ್ತು, ಹೂವೆಲ್ಲ ಸರಿಸಿ, ದಾರ ಕತ್ತರಿಸಿ ತೆಗೆದೆ. ಆ ಅಳತೆಯ ಫ್ಯಾನು ಆ ಹೊತ್ತಿನಲ್ಲಿ ಎಲ್ಲಿ ಸಿಕ್ಕೀತು? ಒಳಗಿದ್ದ ಟೇಬಲ್ ಫ್ಯಾನ್ ತಂದು ಜಾಲರಿಗೆ ಮುಖ ಮಾಡಿ ಇಟ್ಟೆ. ಯಂತ್ರದ ಬಿಸಿ ಆರುವ ತನಕ ಕಾದು ಪ್ಲಗ್ ಹಾಕಿದೆ. ಗುಂಯ್ ಅಂದಿತು.

"ಎಲ್ಲೀಗಂಟ ತಡೀತದ್ಲಾ?" ಚಿಕ್ಕಪ್ಪ ಕೇಳಿದರು.

"ಅಕ್ಕ ಬರಗಂಟ."

ಬಾಯಲ್ಲಿ ಹಾಗಂದೆ, ಧೈರ್ಯ ಇರಲಿಲ್ಲ. ಅಲ್ಲೇ ಕಾವಲು ಕುಳಿತೆ. ಪಕ್ಕದ ಬೀದಿಯ ಅಜ್ಜಿಯೊಬ್ಬಳು ಹಾರ ಹಿಡಿದು ಬಂದಳು.

"ಅಲ್ಲಿ ಬ್ಯಾಡ ಕಣಜ್ಜಿ, ತಲೆ ಕಡೆ ಹಾಕು."

"ಸತ್ತೋರ್ ಕಾಲ್ಗೆ ಹೂ ಬ್ಯಾಡ ಅನ್ನಕೆ ನೀನೇನ್ಲಾ, ಯಮನ್ ವಾಚ್‌ಮನ್ನಾ?" ಅಂದವಳು ಫ್ಯಾನ್ ನೋಡಿ ಇನ್ನೊಂದು ಸೇರಿಸಿದಳು: "ಬದ್ಕಿದ್ದಾಗ ಒಬ್ರೂ ಬೀಸ್ನಿಲ್ಲ. ಈಗ ಬೀಸ್ತಾವ್ರೆ."

ಯಾರೋ ನಕ್ಕರು. ನಾನೂ ನಗಲು ಹೋದೆ, ಆಗಲಿಲ್ಲ. ಅಷ್ಟು ಹೊತ್ತೂ ನಾನು ಜಾಲರಿ, ವೈರು, ಪ್ಲಗ್ಗು ಇಷ್ಟನ್ನೇ ನೋಡುತ್ತಿದ್ದೆ. ಆಗ ತಲೆಯೆತ್ತಿ ಗಾಜಿನೊಳಗೆ ನೋಡಿದೆ. ದೊಡ್ಡವ್ವನ ಬಾಯಿ ಚೂರು ತೆರೆದಿತ್ತು, ಏನೋ ಹೇಳುವ ಮೊದಲು ತೆರೆಯುತ್ತಿದ್ದ ಹಾಗೆ.

ಬಿಸಿಲೇರುವ ಮುಂಚೆ ಅಕ್ಕ ಬಂದಳು. ಗಾಜು ಸರಿಸಿದರು. ಮುಖ ಇದ್ದಂತೆಯೇ ಇತ್ತು. ಅಕ್ಕ ಬಗ್ಗಿ ಅವ್ವನ ಕೆನ್ನೆಗೆ ಕೈಯಿಟ್ಟವಳು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು.

"ಎಷ್ಟ್ ತಣ್ಗವ್ಳೆ, ನಮ್ಮವ್ವ" ಅಂದಳು, ಮೆಲ್ಲಗೆ.

ಬೆಳಗಿನಿಂದ ನಾನು ಕಾದು ಉಳಿಸಿಕೊಟ್ಟಿದ್ದು ಆ ತಣುವನ್ನೇ. ಅವಳ ಕಡೆ ನೋಡಲಾಗಲಿಲ್ಲ.

"ಸಾಕು ಕಣಪ್ಪ, ಆರ್ಸ್ಬುಡು. ಎತ್ತನ" ಅಂದರು ಚಿಕ್ಕಪ್ಪ.

ನನ್ನ ಕೈ ಸ್ವಿಚ್ಚಿನ ತನಕ ಹೋಗಲೇ ಇಲ್ಲ. ಅಕ್ಕ ಕಣ್ಣೊರೆಸಿಕೊಂಡು ಎದ್ದು ಬಂದು ತಾನೇ ಆರಿಸಿದಳು. ಫ್ಯಾನಿನ ರೆಕ್ಕೆ ನಿಧಾನವಾಗುತ್ತಾ ನಿಂತ ಮೇಲೆ, ಹೊರಗೆ ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದ ಸದ್ದು ಮನೆಯೊಳಗೆಲ್ಲ ಕೇಳಿಸಿತು.