ಧಾರೆ ಎರೆದ ಬ್ಯಾಟರಿ ಕೈ

ಅಪಘಾತದಲ್ಲಿ ನನ್ನ ಬಲಗೈ ಮೊಣಕೈಯಿಂದ ಕೆಳಗೆ ಹೋದ ಮೇಲೆ ಗುರುಗ್ರಾಮದ ಒಂದು ಕಂಪನಿ ಬ್ಯಾಟರಿಯ ಕೈ ಮಾಡಿಕೊಟ್ಟಿತು. ಮೋಟು ತೋಳನ್ನು ಬಿಗಿ ಮಾಡಿದರೆ ಅದರ ಬೆರಳು ಮುಚ್ಚುತ್ತವೆ, ಮನಸ್ಸು ಬಂದರೆ ತೆರೆಯುತ್ತವೆ. ದಿಲ್ಲಿಯ ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿನ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆದು, ತಾಂಬೂಲ ಕೊಡುವ ಮೊದಲು "ಒಂದ್ಸಲ ಮುಚ್ಚಿ ತೆಗೀರಿ, ನೋಡೋಣ" ಎನ್ನುತ್ತಿದ್ದರು. ನಾನೂ ಮಾನಗೆಟ್ಟು ಮಾಡಿ ತೋರಿಸುತ್ತಿದ್ದೆ.

ಮಗಳ ಮದುವೆ ಗೊತ್ತಾಯಿತು. ಹೆತ್ತವಳು ನಾನು, ಧಾರೆಯ ನೀರು ನಾನೇ ಎರೆಯಬೇಕು. ನನಗಿದ್ದದ್ದು ಅದೊಂದೇ ಆಸೆ. ಎಡಗೈಯಲ್ಲಿ ಎರೆಯುತ್ತೇನೆ ಎಂದಾಗ ಪುರೋಹಿತರು ಮುಖ ಸಿಂಡರಿಸಿದರು.

"ಎಡಗೈ ಬೇಡಮ್ಮ. ಆ ಕೈ ಹಾಕ್ಕೊಳ್ಳಿ, ಎಷ್ಟಾದ್ರೂ ಬಲಗೈ ತಾನೆ."

ರಕ್ತ ಹರಿಯುವ ಕೈ ಆಗದು, ಚಾರ್ಜರಿಗೆ ಸಿಕ್ಕಿಸುವ ಕೈ ಆದೀತು. ಇಂಥ ಶಾಸ್ತ್ರಕ್ಕೆ ಬೆಂಕಿ ಬೀಳಲಿ ಅನ್ನಿಸಿತು. ನಾದಿನಿ "ಕಷ್ಟ ಆದ್ರೆ ನಾನಿದ್ದೀನಲ್ಲ ಅತ್ತಿಗೆ" ಎಂದಳು. ಅವಳು ಕಾದಿದ್ದೇ ಅದಕ್ಕೆ. ನನ್ನ ಗಂಡ ಕಚೇರಿಯ ಕಡತದ ಮುಂದೆ ಕೂತವರಂತೆ ತಲೆ ಎತ್ತಲಿಲ್ಲ. ಕಂಪನಿಗೆ ಫೋನ್ ಮಾಡಿದರೆ, ನೀರು ಮಾತ್ರ ತಾಗಿಸಬೇಡಿ ಮೇಡಂ ಎಂದರು.

ಮುಹೂರ್ತದ ದಿನ ಆ ಕೈಯಲ್ಲೇ ಗಿಂಡಿ ಹಿಡಿದು ನಿಂತೆ. ಪುರೋಹಿತರು ಮಂತ್ರ ಹೇಳುತ್ತ ಎಲ್ಲರ ಮೇಲೂ ಧಾರಾಳವಾಗಿ ನೀರು ಚಿಮುಕಿಸಿದರು. ಕೈ ಗಿಂಡಿಯನ್ನು ಹಿಡಿದಂತೆಯೇ ಸತ್ತುಹೋಯಿತು. ಬೆರಳು ಬಿಡುವುದಿಲ್ಲ, ಮಣಿಕಟ್ಟು ತಿರುಗುವುದಿಲ್ಲ, ಗಿಂಡಿಯ ಮೂತಿ ನನ್ನ ಹೊಟ್ಟೆಯ ಕಡೆಗಿದೆ.

"ಬೇಗ ಆಗ್ಲಿ ತಾಯಿ" ಎಂದರು ಪುರೋಹಿತರು. ನಾದಿನಿ ಆಗಲೇ ಕೈ ಚಾಚಿದ್ದಳು.

ಮಗಳು ತಲೆ ಎತ್ತಿದಳು. "ಅಮ್ಮಾ, ಉತಾರ್ ದೋ ಅದನ್ನ. ಬಿಚ್ಚಿಬಿಡು."

ತುಂಬಿದ ಸಭೆಯಲ್ಲಿ ಪಟ್ಟಿ ಬಿಚ್ಚಿ ಮೋಟು ತೋಳನ್ನು ಅದರಿಂದ ಹೊರಗೆಳೆದೆ. ಯಂತ್ರ ಗಿಂಡಿಯನ್ನು ಕಚ್ಚಿಕೊಂಡೇ ಇತ್ತು. ಅದನ್ನು ಎಡಗೈಯಲ್ಲಿ ಸೌಟಿನಂತೆ ಹಿಡಿದು, ಮೂತಿ ತಿರುಗಿಸಿ, ಅವಳ ಕೈ ಮೇಲೆ ನೀರು ಬಿಟ್ಟೆ. ಬಲಗೈಯಲ್ಲೇ ಆಯಿತಲ್ಲ ಎಂದು ಪುರೋಹಿತರಿಗೆ ಸಮಾಧಾನ. ಅವರ ಬುದ್ಧಿ ಅಷ್ಟೇ.

ಇನ್ನೊಬ್ಬರನ್ನು ಹಳಿದು ಏನು ಫಲ. ಆ ಮೋಟು ತೋಳನ್ನು ನಾಲ್ಕು ವರ್ಷ ಗಂಡನಿಗೂ ತೋರಿಸದೆ, ಸ್ನಾನದ ಮನೆಯಲ್ಲೂ ನೋಡದೆ, ಸೆರಗಿನಲ್ಲಿ ಮುಚ್ಚಿಟ್ಟವಳು ನಾನೇ. ಮಗಳು ಧಾರೆಯ ನೀರು ತೊಟ್ಟಿಕ್ಕುತ್ತಿದ್ದ ಕೈಯಲ್ಲಿ ಅದನ್ನು ಹಿಡಿದುಕೊಂಡಳು, ಬಿಡಲಿಲ್ಲ.