ಎಡಗೈ ಕತ್ತರಿ

ಗೋಣಿಬೀಡಿನ ಹೆಂಗಸರಿಗೆ ಕೌದಿ ಹೊಲಿಯುವುದನ್ನು ಕಲಿಸಲು ಹೋಗಿದ್ದೆ. ನಾನು ಎಡಗೈಯಲ್ಲಿ ಬಟ್ಟೆ ಕತ್ತರಿಸುವುದನ್ನು ಕಂಡು ಅಲ್ಲಿನ ಹಿರಿಯ ಟೈಲರ್, "ಬಲಗೈಯಲ್ಲಿ ಹಿಡೀರಿ ಮಾರಾಯ್ರೆ, ಇವರೆಲ್ಲ ನೋಡಿ ಕಲೀತಾರೆ" ಎಂದರು.

"ಇದು ಎಡಗೈಯವರ ಕತ್ತರಿ. ನೀವೇ ನೋಡಿ" ಎಂದು ಕೊಟ್ಟೆ.

ಅವರದು ನಲವತ್ತು ವರ್ಷ ಪಳಗಿದ ಬಲಗೈ. ಆದರೂ ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡಿತೇ ಹೊರತು ಒಂದು ಎಳೆಯೂ ತುಂಡಾಗಲಿಲ್ಲ.

"ನಿಮ್ಮ ಕತ್ತರಿ ಹಿಡಿದರೆ ನನಗೂ ಹೀಗೇ ಆಗೋದು" ಎಂದೆ.

ಆಗ ತೋಟದ ಕೆಲಸದ ಹೆಂಗಸೊಬ್ಬಳು ಎದ್ದು ಬಂದಳು. "ಅಕ್ಕ, ನಾನೂ ಎಡಚಿ. ನನ್ನ ಕೈಗೆ ಬರಲ್ಲ ಅಂತ ಹೊಲಿಗೇನೇ ಬಿಟ್ಟಿದ್ದೆ" ಎಂದವಳು ನನ್ನ ಕತ್ತರಿ ಎತ್ತಿಕೊಂಡು ಹಳೇ ಸೀರೆಯನ್ನು ಗೆರೆ ಎಳೆದಂತೆ ಕತ್ತರಿಸಿದಳು. ಟೈಲರ್ ಅಂಚಿಗೆ ಸ್ಕೇಲ್ ಇಟ್ಟು ನೋಡಿ ತಲೆದೂಗಿದರು.

ಕತ್ತರಿಯನ್ನು ಅವಳಿಗೇ ಬಿಟ್ಟು ಬಂದೆ. ಹೊಸದು ಬರುವವರೆಗೆ ನನಗೆ ಬ್ಲೇಡೇ ಗತಿ, ಎದೆಯುಬ್ಬಿಸಿಕೊಂಡೇ ಬಟ್ಟೆ ಕೊಯ್ಯುತ್ತಿದ್ದೇನೆ.